ಬಾವೀಲಿ ಪೆಟ್ರೋಲ್ ವಾಸನೆ, ನೆಲದೊಳಗೆ ಸೋರೋ ಟ್ಯಾಂಕು: ಹಾಸನ, ಚಿಕ್ಕಮಗಳೂರು ಕಡೆಯವ್ರು ಪದೇ ಪದೇ ಕೇಳೋ ಪ್ರಶ್ನೆಗಳು

ಬಂಕ್ ಪಕ್ಕದ ಮನೆಯವ್ರು, ತೋಟದವ್ರು, ಬಂಕ್ ನಡೆಸೋರು, ಪಂಚಾಯ್ತಿ ಮೆಂಬರ್‌ಗಳು, ಸೈಟ್ ತಗೊಳೋಕೆ ಹೊರಟಿರೋರು, ಹೀಗೆ ನಾನಾ ಜನ ಮಣ್ಣು ಮತ್ತೆ ಅಂತರ್ಜಲದ ತನಿಖೆ ಬಗ್ಗೆ ನಮ್ಮನ್ನ ಕೇಳೋದನ್ನೆಲ್ಲ ಇಲ್ಲಿ ಒಂದು ಕಡೆ ಸೇರಿಸಿದೀವಿ. ಅರ್ಜೆಂಟ್ ಇರೋರು ಮೊದಲನೇ ಪ್ರಶ್ನೆ ಓದಿ ಆ ಕೆಲಸ ಮುಗಿಸ್ಕೊಳಿ, ಮಿಕ್ಕಿದ್ದು ಆಮೇಲೆ ಓದಿದ್ರೂ ನಡೆಯತ್ತೆ.

ನಮ್ಮ ಬಾವಿ ನೀರು ಪೆಟ್ರೋಲ್ ವಾಸನೆ ಹೊಡೀತಿದೆ, ಈಗ್ಲೇ ಏನ್ ಮಾಡ್ಬೇಕು?

ಕುಡಿಯೋದು, ಅಡಿಗೆಗೆ ಬಳಸೋದು ತಕ್ಷಣ ನಿಲ್ಸಿ. ಆ ನೀರು ಕಾಯಿಸ್ಕೊಂಡು ಸ್ನಾನ ಮಾಡೋದೂ ಬೇಡ, ಬಿಸಿ ಆದಾಗ ಆವಿ ಎದ್ದು ಮುಚ್ಚಿದ ಬಚ್ಚಲುಮನೇಲಿ ತುಂಬ್ಕೊಳತ್ತೆ. ಎರಡನೇದು ಕೈ ಮುಗಿದು ಕೇಳ್ಕೋತೀವಿ, ಏನಾಗಿದೆ ನೋಡೋಣ ಅಂತ ಯಾರನ್ನೂ ಬಾವಿಗೆ ಇಳಿಸ್ಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಬಾವಿ ತಳದಲ್ಲೇ ಕೂತಿರತ್ತೆ, ಇಳಿದೋರಿಗೆ ಉಸಿರು ಕಟ್ಟತ್ತೆ, ಅವ್ರು ಬಿದ್ರು ಅಂತ ಇನ್ನೊಬ್ರು ಹಗ್ಗ ಹಿಡಿದು ಇಳೀತಾರೆ, ಅವ್ರೂ ಮೇಲೆ ಬರಲ್ಲ. ಗಾಳೀಲಿ ಪೆಟ್ರೋಲ್ ಆವಿ ಸುಮಾರು 1.4% ಸೇರಿದ್ರೆ ಸಾಕು, ಒಂದು ಕಿಡಿಗೆ ಹತ್ಕೊಳತ್ತೆ, ಅದಕ್ಕೇ ಬಾವಿ ಹತ್ರ ಬೀಡಿ, ಬೆಂಕಿಪೊಟ್ಣ, ಊದುಬತ್ತಿ ಯಾವ್ದೂ ಬೇಡ, ಬಾವಿ ಮೋಟ್ರು ಸ್ವಿಚ್ಚೂ ಮುಟ್ಬೇಡಿ. ವಾಸನೆ ಜೋರಾಗಿದ್ರೆ, ಇಲ್ಲಾ ಸಂಪಲ್ಲಿ, ಚರಂಡೀಲಿ, ಮನೆ ಒಳಗೇ ಬರ್ತಿದ್ರೆ ಕಿಟಕಿ ಬಾಗ್ಲು ತೆಗೆದು ಎಲ್ರೂ ಹೊರಗೆ ಬಂದು 112ಕ್ಕೆ ಫೋನ್ ಮಾಡಿ ಅಗ್ನಿಶಾಮಕದವ್ರನ್ನ ಕರ್ಸಿ.

ತುಂಬಾ ಜನ ಗಾಬರೀಲಿ ಬ್ಲೀಚಿಂಗ್ ಪೌಡರ್ ಸುರೀತಾರೆ, ಅದು ಕ್ರಿಮಿಗಳಿಗೆ, ಪೆಟ್ರೋಲಿಗೆ ಅದ್ರಿಂದ ಏನೂ ಆಗಲ್ಲ, ಮೇಲಾಗಿ ಆಮೇಲೆ ತೆಗೆಯೋ ಸ್ಯಾಂಪಲ್ ಕೂಡ ಕೆಡತ್ತೆ. ಇನ್ನು ಕೆಲವರು ಬಾವೀನೇ ಪೂರ್ತಿ ಖಾಲಿ ಮಾಡ್ಸೋಣ ಅಂತ ಪಂಪ್ ಹಚ್ತಾರೆ, ಹಾಗೆ ಮಾಡಿದ್ರೆ ಬಾವಿ ಸುತ್ತ ನೀರಿನ ಮಟ್ಟ ಇಳಿದು ಟ್ಯಾಂಕ್ ಕಡೆ ಇರೋ ಪೆಟ್ರೋಲನ್ನ ನಾವೇ ಬಾವಿ ಕಡೆ ಎಳ್ಕೊಂಡ ಹಾಗಾಗತ್ತೆ, ಆ ನೀರನ್ನ ಗದ್ದೆಗೋ ಹಳ್ಳಕ್ಕೋ ಬಿಟ್ರೆ ಅಲ್ಲೂ ಹರಡತ್ತೆ. ವಾಸನೆ ಮೊದಲು ಬಂದ ದಿನ, ಹೊತ್ತು, ಹಿಂದಿನ ವಾರ ಮಳೆ ಬಂದಿತ್ತಾ, ಬಂಕಲ್ಲಿ ಏನಾದ್ರೂ ಅಗೆತ ನಡೀತಿತ್ತಾ, ಇವನ್ನ ಒಂದು ಹಾಳೇಲಿ ಬರೆದಿಟ್ಕೊಳಿ, ಫೋಟೋ ತೆಗೀರಿ. ಮುಂದೆ ತನಿಖೆಗೆ ಆ ಹಾಳೆ ತುಂಬಾ ಉಪಯೋಗಕ್ಕೆ ಬರತ್ತೆ.

ಕಾಯಿಸಿ ಕುಡಿದ್ರೆ ಆಗಲ್ವಾ? ಮನೇಲಿ ಆರ್‌ಒ ಇದೆ.

ಆಗಲ್ಲ. ಕಾಯಿಸಿದ್ರೆ ನೀರಲ್ಲಿದ್ದಿದ್ದು ಅಡಿಗೆಮನೆ ಗಾಳಿಗೆ ಬರತ್ತೆ, ಅಷ್ಟೇ. ಮನೆ ಆರ್‌ಒ ಮಾಡಿರೋದು ಉಪ್ಪಿನಂಶ, ಫ್ಲೋರೈಡ್ ತೆಗೆಯೋಕೆ, ಪೆಟ್ರೋಲಲ್ಲಿರೋ ಬೆಂಜೀನ್ ತರದ್ದನ್ನ ಅದರ ಮೇಲೆ ನಂಬಿ ಬಿಡೋಕಾಗಲ್ಲ. ಇದ್ದಿಲಿನ ಕಾರ್ಬನ್ ಫಿಲ್ಟರ್ ನಿಜವಾಗ್ಲೂ ಹಿಡ್ಕೊಳತ್ತೆ, ಆದ್ರೆ ಒಂದು ಮಟ್ಟಕ್ಕೆ ತುಂಬಿದ ಮೇಲೆ ಹಾಗೇ ಬಿಡೋಕೆ ಶುರು ಮಾಡತ್ತೆ, ಯಾವತ್ತು ತುಂಬ್ತು ಅಂತ ಮನೇಲಿ ಕೂತು ಗೊತ್ತಾಗಲ್ಲ. ರಿಪೋರ್ಟ್ ಬರೋವರೆಗೂ ಬೇರೆ ಕಡೆಯಿಂದ ನೀರು ತನ್ನಿ, ಪಂಚಾಯ್ತಿಯವ್ರನ್ನ ಟ್ಯಾಂಕರ್ ಕೇಳಿ, ಕೇಳೋದ್ರಲ್ಲಿ ಸಂಕೋಚ ಬೇಡ.

ಈಗ ವಾಸನೆ ಹೋಗಿದೆ, ಹಾಗಾದ್ರೆ ನೀರು ಸರಿ ಆಯ್ತು ಅಂತ ತಾನೆ?

ನಮಗೆ ಅತಿ ಹೆಚ್ಚು ಚಿಂತೆ ಆಗೋದು ಈ ಪ್ರಶ್ನೆ ಕೇಳಿದಾಗ್ಲೇ. ಪೆಟ್ರೋಲಲ್ಲಿ ಬೆಂಜೀನ್, ಟಾಲ್ವೀನ್, ಈಥೈಲ್ ಬೆಂಜೀನ್, ಝೈಲೀನ್ ಅಂತ ನಾಲ್ಕು ಇರತ್ತೆ, ಒಟ್ಟಿಗೆ ಬಿಟೆಕ್ಸ್ ಅಂತೀವಿ. ಇದ್ರಲ್ಲಿ ಬೆಂಜೀನ್ ಮನುಷ್ಯರಿಗೆ ಕ್ಯಾನ್ಸರ್ ತರೋದು ಅಂತ ಖಚಿತವಾಗಿರೋ ಪಟ್ಟೀಲಿದೆ, ರಕ್ತದ ಕ್ಯಾನ್ಸರ್ ಮುಖ್ಯವಾಗಿ. ಕುಡಿಯೋ ನೀರಲ್ಲಿ ಬೆಂಜೀನ್ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರ್ದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ, ಅಮೆರಿಕದ ಮಿತಿ ಇನ್ನೂ ಕಮ್ಮಿ, 0.005. ಆದ್ರೆ ನೀರಲ್ಲಿ ಬೆಂಜೀನ್ ವಾಸನೆ ನಮ್ಮ ಮೂಗಿಗೆ ಗೊತ್ತಾಗೋಕೆ ಲೀಟರಿಗೆ ಸುಮಾರು 10 ಮಿಲಿಗ್ರಾಂ ಬೇಕು, ಅಂದ್ರೆ ಮಿತಿಗಿಂತ ಸಾವಿರ ಪಟ್ಟು ಜಾಸ್ತಿ ಇದ್ದಾಗ. ಟಾಲ್ವೀನ್, ಝೈಲೀನ್ ಇದಕ್ಕಿಂತ ಬೇಗ ಮೂಗಿಗೆ ಬಡಿಯತ್ತೆ, ಹಾಗಾಗಿ ವಾಸನೆ ಬಂದ್ರೆ ಪೆಟ್ರೋಲ್ ಅನುಮಾನ ಪಡಲೇಬೇಕು, ವಾಸನೆ ಬರ್ಲಿಲ್ಲ ಅಂದ್ರೆ ಮಾತ್ರ ಏನೂ ಸಾಬೀತಾಗಲ್ಲ.

ಇನ್ನೊಂದು ಲೆಕ್ಕ ನೋಡಿ. ಈಗಿನ ಬಿಎಸ್ 6 ಪೆಟ್ರೋಲಲ್ಲಿ ಬೆಂಜೀನ್ 1% ವರೆಗೆ ಇರಬಹುದು, ಅಂದ್ರೆ ಒಂದು ಲೀಟರಲ್ಲಿ 10 ಮಿಲಿ, ತೂಕ ಸುಮಾರು 8.7 ಗ್ರಾಂ. ಅದೆಲ್ಲ ನೀರಿಗೆ ಸೇರ್ತು ಅಂತ ಇಟ್ಕೊಂಡ್ರೆ ಎಂಟು ಲಕ್ಷ ಲೀಟರಿಗಿಂತ ಜಾಸ್ತಿ ನೀರನ್ನ 0.01ರ ಮಿತಿಗೆ ತಂದು ನಿಲ್ಸೋಕೆ ಆ ಒಂದು ಲೀಟರ್ ಪೆಟ್ರೋಲ್ ಸಾಕು. ನಿಜವಾಗಿ ಅಷ್ಟೂ ನೀರಿಗೆ ಸೇರಲ್ಲ, ಸ್ವಲ್ಪ ಆವಿ ಆಗತ್ತೆ, ಸ್ವಲ್ಪ ಮಣ್ಣಿಗೆ ಅಂಟತ್ತೆ, ಸ್ವಲ್ಪ ಬ್ಯಾಕ್ಟೀರಿಯಾ ತಿನ್ನತ್ತೆ, ಆದ್ರೂ ಸಣ್ಣ ಸೋರಿಕೆ ಅಲ್ವಾ ಬಿಡಿ ಅನ್ನೋ ಮಾತು ಯಾಕೆ ತಪ್ಪು ಅಂತ ಇದ್ರಿಂದ ಅರ್ಥ ಆಗ್ಬೇಕು.

ಬಾವಿ ನೀರಿನ ಮೇಲೆ ಬಣ್ಣ ಬಣ್ಣದ ಪೊರೆ ಕಟ್ಟಿದೆ, ಅದು ಡೀಸೆಲ್ಲಾ?

ಮಲೆನಾಡು ಕಡೆ ಬರೋ ಇಂಥ ಕರೆಗಳಲ್ಲಿ ಎಷ್ಟೋ ಸಲ ಅದು ಡೀಸೆಲ್ ಆಗಿರಲ್ಲ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಲ್ಲಿ ಕಬ್ಬಿಣ ಜಾಸ್ತಿ, ಅದನ್ನ ತಿಂದು ಬದುಕೋ ಬ್ಯಾಕ್ಟೀರಿಯಾ ನಿಂತ ನೀರಿನ ಮೇಲೆ ಎಣ್ಣೆ ತರಾನೇ ಹೊಳೆಯೋ ಪೊರೆ ಕಟ್ಟತ್ತೆ. ಒಂದು ಕಡ್ಡಿ ತಗೊಂಡು ಪೊರೆ ಮೇಲೆ ನಿಧಾನಕ್ಕೆ ಎಳೀರಿ. ಒಡೆದ ಗಾಜಿನ ಹಾಗೆ ಚೂರು ಚೂರಾಗಿ ಬಿಟ್ಕೊಂಡು ಮತ್ತೆ ಕೂಡದೇ ಹೋದ್ರೆ ಅದು ಕಬ್ಬಿಣದ್ದು, ಪಕ್ಕದಲ್ಲಿ ಕಿತ್ತಳೆ ಬಣ್ಣದ ಲೋಳೆ ಕೂಡ ಕಾಣಬಹುದು. ಕಡ್ಡಿ ಎಳೆದ ಜಾಗದಲ್ಲಿ ಸುತ್ತಿ ಬಂದು ತಕ್ಷಣ ಮತ್ತೆ ಸೇರ್ಕೊಂಡ್ರೆ ಅದು ಎಣ್ಣೆ ಇರೋ ಸಾಧ್ಯತೆ ಜಾಸ್ತಿ. ಪೆಟ್ರೋಲ್, ಡೀಸೆಲ್ ವಾಸನೆ ಬರ್ತಿದ್ರೆ ಈ ಕಡ್ಡಿ ಪರೀಕ್ಷೆ ಮಾಡ್ತಾ ಕೂರ್ಬೇಡಿ, ಮೊದಲನೇ ಪ್ರಶ್ನೇಲಿ ಹೇಳಿದ್ದು ಮಾಡಿ.

ಟ್ಯಾಂಕ್ ಯಾಕೆ ಸೋರತ್ತೆ?

ಹಳೇ ಟ್ಯಾಂಕುಗಳು ಒಂದೇ ಪದರದ ಕಬ್ಬಿಣದ್ದು, ತುಕ್ಕು ಹಿಡಿಯತ್ತೆ. ಮಲೆನಾಡಿನ ಮಣ್ಣು ಹುಳಿ ಮಣ್ಣು, ಕಾಫಿ ತೋಟಕ್ಕೆ ಸುಣ್ಣ ಹಾಕೋದೇ ಅದಕ್ಕೆ, ಅಂಥ ಮಣ್ಣಲ್ಲಿ ವರ್ಷದಲ್ಲಿ ಐದಾರು ತಿಂಗಳು ತೇವ ಇದ್ರೆ ಕಬ್ಬಿಣ ಬೇಗ ತಿಂದುಹೋಗತ್ತೆ. ಆದ್ರೆ ಟ್ಯಾಂಕಿಗಿಂತ ಪೈಪು, ಪೈಪಿನ ಜಾಯಿಂಟು, ಡಿಸ್ಪೆನ್ಸರ್ ಕೆಳಗಿನ ಫಿಟ್ಟಿಂಗು ಸೋರೋದೂ ಮಾಮೂಲಿ, ಟ್ಯಾಂಕರ್‌ನಿಂದ ಇಳಿಸೋವಾಗ ತುಂಬೋ ಬಾಯಿ ಸುತ್ತ ಚೆಲ್ಲೋದಂತೂ ವರ್ಷಾನುಗಟ್ಟಲೆ ಸೇರಿ ಸೇರಿ ದೊಡ್ಡದಾಗತ್ತೆ. ಒಂದು ಜಾಯಿಂಟಿಂದ ಸೆಕೆಂಡಿಗೆ ಒಂದು ಹನಿ ಬಿದ್ರೆ ದಿನಕ್ಕೆ ನಾಲ್ಕು ಲೀಟರಿಗೂ ಜಾಸ್ತಿ, ವರ್ಷಕ್ಕೆ ಸಾವಿರದ ಐನೂರು ಲೀಟರ್.

ನಾನು ಬಂಕ್ ನಡೆಸೋನು. ದಿನಾ ಡಿಪ್ ನೋಡ್ತೀನಿ (ಟ್ಯಾಂಕಿಗೆ ಕೋಲು ಇಳಿಸಿ ಮಟ್ಟ ಅಳೆಯೋದು), ಸ್ಟಾಕ್ ಲೆಕ್ಕ ಸರಿ ಇದೆ. ಸೋರಿಕೆ ಇಲ್ಲ ಅನ್ಬಹುದಾ?

ದಿನಾ ಡಿಪ್ ನೋಡ್ತೀರಲ್ಲ, ಅದು ಒಳ್ಳೇದು, ಬಿಡ್ಬೇಡಿ. ಆದ್ರೆ ಸಣ್ಣ ಸೋರಿಕೆ ಆ ಲೆಕ್ಕದಲ್ಲಿ ಕಾಣಲ್ಲ ಸಾರ್. ಪೆಟ್ರೋಲ್ ಒಂದು ಡಿಗ್ರಿ ತಣ್ಣಗಾದ್ರೆ ಸಾವಿರ ಲೀಟರಿಗೆ ಸುಮಾರು ಒಂದು ಲೀಟರ್ ಕುಗ್ಗತ್ತೆ. ಮಂಗಳೂರಿನ ಸೆಕೇಲಿ ತುಂಬಿಸ್ಕೊಂಡ 12 ಸಾವಿರ ಲೀಟರ್ ಲೋಡು ಘಾಟಿ ಹತ್ತಿ ಚಿಕ್ಕಮಗಳೂರಿನ ತಣ್ಣನೆ ನೆಲದೊಳಗಿನ ಟ್ಯಾಂಕಲ್ಲಿ ಎಂಟು ಡಿಗ್ರಿ ಇಳೀತು ಅಂದ್ರೆ ಒಂದೂ ಹನಿ ಸೋರದೇನೇ ನೂರು ಲೀಟರ್ ಹತ್ತಿರ ಕಮ್ಮಿ ತೋರ್ಸತ್ತೆ. ದಿನಕ್ಕೆ ನಾಲ್ಕು ಲೀಟರ್ ಸೋರಿಕೆ ಈ ಏರಿಳಿತದ ಒಳಗೆ ಆರಾಮಾಗಿ ಅಡಗಿಕೊಳತ್ತೆ. ಅದಕ್ಕೇ ದಿನದ ಲೆಕ್ಕ ನೋಡಿ ತೃಪ್ತಿ ಪಡಬೇಡಿ, ತಿಂಗಳುಗಳ ಲೆಕ್ಕ ಸಾಲಾಗಿ ಇಟ್ಟು ನೋಡಿ, ನಿಜವಾದ ತಾಪಮಾನದ ವ್ಯತ್ಯಾಸ ಆದ್ರೆ ಒಮ್ಮೆ ಜಾಸ್ತಿ ಒಮ್ಮೆ ಕಮ್ಮಿ ಬರತ್ತೆ, ಸೋರಿಕೆ ಆದ್ರೆ ಒಂದೇ ಕಡೆ ಎಳೀತಾ ಹೋಗತ್ತೆ. ಹಾಗೇ ಡಿಪ್ ರಾಡಿಗೆ ಹಚ್ಚೋ ವಾಟರ್ ಪೇಸ್ಟ್, ಅಂದ್ರೆ ನೀರು ತಾಗಿದ್ರೆ ಬಣ್ಣ ಬದಲಾಗೋ ಪೇಸ್ಟ್, ಬಣ್ಣ ತಿರುಗ್ತಿದೆಯಾ ನೋಡಿ, ಜೋರು ಮಳೆಗಾಲದಲ್ಲಿ ನೆಲದ ನೀರು ಟ್ಯಾಂಕಿಗಿಂತ ಮೇಲೆ ಬಂದಾಗ ಪೆಟ್ರೋಲ್ ಹೊರಗೆ ಹೋಗೋ ಬದಲು ನೀರು ಒಳಗೆ ಬರತ್ತೆ, ಆಗ ಸಿಗೋ ಸುಳಿವು ಅದೊಂದೇ. ಅನುಮಾನ ಬಂದ್ರೆ ಟ್ಯಾಂಕಿಗೆ ಟೈಟ್‌ನೆಸ್ ಟೆಸ್ಟು, ಪೈಪಿಗೆ ಪ್ರೆಶರ್ ಟೆಸ್ಟು ಎರಡೂ ಬೇರೆ ಬೇರೆಯಾಗಿ ಮಾಡ್ಸಿ, ಒಂದು ಪಾಸಾಯ್ತು ಅಂತ ಇನ್ನೊಂದು ಬಿಡ್ಬೇಡಿ.

ನೆಲಕ್ಕೆ ಇಳಿದ ಪೆಟ್ರೋಲ್ ಎಲ್ಲಿಗೆ ಹೋಗತ್ತೆ?

ಮೊದಲು ನೇರ ಕೆಳಗೆ. ದಾರೀಲಿ ಮಣ್ಣಿನ ಸಂದಿಗಳಲ್ಲಿ ಒಂದಷ್ಟು ಸಿಕ್ಕಿಹಾಕ್ಕೊಳತ್ತೆ, ಸೋರಿದ್ದು ಕಮ್ಮಿ ಇದ್ರೆ ಅಲ್ಲೇ ನಿಲ್ಲಬಹುದು. ಜಾಸ್ತಿ ಇದ್ರೆ ನೀರಿನ ಮಟ್ಟ ಮುಟ್ಟಿ, ನೀರಿಗಿಂತ ಹಗುರ ಆದ್ದರಿಂದ ಸಾರಿನ ಮೇಲೆ ಒಗ್ಗರಣೆ ಎಣ್ಣೆ ನಿಂತ ಹಾಗೆ ಮೇಲೇ ಹರಡ್ಕೊಳತ್ತೆ, ಅಲ್ಲಿಂದ ಬೆಂಜೀನ್ ತರದ್ದು ಕರಗ್ತಾ ನೀರಿನ ಜೊತೆ ದೂರ ಹೋಗತ್ತೆ, ಆವಿ ಮಣ್ಣಿನ ಸಂದೀಲಿ ಮೇಲೆ ಎದ್ದು ಪಾಯ, ಸಂಪು, ನೆಲಮಾಳಿಗೆ ಸೇರತ್ತೆ.

ನಮ್ಮ ಎರಡು ಜಿಲ್ಲೆಯ ನೆಲ ಇದನ್ನ ಇನ್ನಷ್ಟು ತೊಡಕು ಮಾಡತ್ತೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಮೇಲೆ ಜಂಬಿಟ್ಟಿಗೆ, ಅದರ ಕೆಳಗೆ ಮೆತ್ತನೆ ಶೇಡಿ ಮಣ್ಣು, ಅದರ ಕೆಳಗೆ ಬಂಡೆ, ಮಳೆ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ದಾಟತ್ತೆ, ತೆರೆದ ಬಾವಿ ಆಷಾಢದಲ್ಲಿ ಬಾಯಿಮಟ್ಟಕ್ಕೆ ತುಂಬಿ ಬೇಸಿಗೇಲಿ ತಳ ಕಾಣತ್ತೆ. ನೀರಿನ ಜೊತೆ ತೇಲೋ ಪೆಟ್ರೋಲೂ ಹತ್ತಿ ಇಳಿದು ಮಾಡ್ತಾ ನಡುವಿನ ಮಣ್ಣಿಗೆಲ್ಲ ಬಳ್ಕೊಳತ್ತೆ, ಮಳೆಗಾಲದಲ್ಲಿ ಆ ಪದರ ನೀರಿನ ಅಡಿ ಮುಳುಗಿರತ್ತೆ, ವಾಸನೆ ಹೋಯ್ತು ಅಂದ್ಕೋತೀವಿ, ಬೇಸಿಗೇಲಿ ಮತ್ತೆ ಬರತ್ತೆ. ಅರಸೀಕೆರೆ, ಕಡೂರು ಕಡೆ ಕಥೆ ಬೇರೆ. ಅಲ್ಲಿ ಮಳೆ ಆರೇಳು ನೂರು ಮಿಲಿಮೀಟರ್, ನೀರು ಇರೋದು ಆಳದ ಬಂಡೆ ಬಿರುಕಲ್ಲಿ, ಜನ ನೂರಾರು ಅಡಿ ಬೋರ್ ಮೇಲೆ ಬದುಕ್ತಿದಾರೆ. ಬಿರುಕಿಗೆ ಪೆಟ್ರೋಲ್ ಇಳಿದ್ರೆ ಅದು ಯಾವ ದಿಕ್ಕಿಗೆ ಹೋಗತ್ತೆ ಅನ್ನೋದು ಆ ಬಿರುಕಿಗೆ ಬಿಟ್ಟಿದ್ದು, ಪಕ್ಕದ ಬೋರ್ ಚೆನ್ನಾಗಿದ್ದು ಅದರಾಚೆಯ ಬೋರ್ ಕೆಡೋದು ಇದಕ್ಕೇ.

ಬಂಕ್ ನಮ್ಮ ಮನೆಗಿಂತ ಕೆಳಗಿದೆ, ನಮಗೇನು ತೊಂದರೆ ಇಲ್ಲ ಅಲ್ವಾ?

ನೆಲದ ಇಳಿಜಾರು ನೋಡಿ ಅಷ್ಟು ಧೈರ್ಯ ಹೇಳೋಕಾಗಲ್ಲ. ಮಲೆನಾಡಲ್ಲಿ ಸಾಮಾನ್ಯವಾಗಿ ನೆಲದ ನೀರು ಗುಡ್ಡದಿಂದ ಹಳ್ಳದ ಕಡೆಗೇ ಹೋಗತ್ತೆ ನಿಜ, ಆದ್ರೆ ನಿಮ್ಮ ಬೋರ್ ದಿನಾ ಆರೇಳು ಗಂಟೆ ಓಡ್ತಿದ್ರೆ ಅದು ತನ್ನ ಕಡೆ ಎಳ್ಕೊಳತ್ತೆ. ದಿಕ್ಕು ತಿಳಿಯೋಕೆ ಕನಿಷ್ಠ ಮೂರು ಜಾಗದಲ್ಲಿ, ಒಂದೇ ಗೆರೇಲಿ ಅಲ್ಲ, ತ್ರಿಕೋನದ ಹಾಗೆ, ನೀರಿನ ಮಟ್ಟ ಅಳೀಬೇಕು. ಬಾವಿ ಬಾಯಿಯಿಂದ ಎಷ್ಟು ಅಡಿಗೆ ನೀರಿದೆ ಅಂತ ಅಳೆದ್ರೆ ಸಾಲ್ದು, ಆ ಬಾಯಿಗಳ ಎತ್ತರಾನ ಲೆವೆಲ್ ಮೆಷಿನ್ ಇಟ್ಟು ಒಂದೇ ಗುರುತಿಗೆ ಹೊಂದಿಸ್ಬೇಕು. ಈ ಅಳತೆ ಇಲ್ದೆ ಇದು ಆ ಬಂಕಿಂದ ಬಂತು ಅಂತ ಬರೆದ ರಿಪೋರ್ಟನ್ನ ಎದುರು ಪಾರ್ಟಿ ವಕೀಲರು ಒಂದೇ ಪ್ರಶ್ನೇಲಿ ಬೀಳಿಸ್ತಾರೆ.

ತನಿಖೆ ಅಂದ್ರೆ ನೀವು ಬಂದು ಏನೇನು ಮಾಡ್ತೀರಿ?

ಮೊದಲ ದಿನ ಅಗೆಯೋದೇ ಇಲ್ಲ. ಟ್ಯಾಂಕ್ ಯಾವ ವರ್ಷದ್ದು, ಎಷ್ಟಿದೆ, ಪೈಪ್ ಎಲ್ಲೆಲ್ಲಿ ಹೋಗಿದೆ, ಹಿಂದೆ ಯಾವ ಟ್ಯಾಂಕ್ ತೆಗೆದಿದ್ರು, ಸ್ಟಾಕ್ ಪುಸ್ತಕ ಏನು ಹೇಳತ್ತೆ ಅಂತ ಕಾಗದ ನೋಡ್ತೀವಿ, ಆಮೇಲೆ ಸುತ್ತಮುತ್ತ ಎಲ್ಲ ಬಾವಿ, ಬೋರ್, ಊಟೆ, ಹಳ್ಳ ಗುರುತು ಹಾಕ್ತೀವಿ. ಊರಿನ ಹಿರಿಯರನ್ನ ಕೇಳ್ತೀವಿ, ಅಲ್ಲಿ ಮುಂಚೆ ಗ್ಯಾರೇಜ್ ಇತ್ತು, ಸೀಮೆಎಣ್ಣೆ ಡಿಪೋ ಇತ್ತು ಅನ್ನೋ ಮಾತು ಯಾವ ಕಾಗದದಲ್ಲೂ ಸಿಗಲ್ಲ.

ಆಮೇಲೆ ಮಣ್ಣು. ಕೈ ಆಗರ್‌ನಲ್ಲೋ (ಕೈಯಲ್ಲಿ ತಿರುಗಿಸಿ ನೆಲ ಕೊರೆಯೋ ಸಲಕರಣೆ) ಸಣ್ಣ ರಿಗ್‌ನಲ್ಲೋ ಟ್ಯಾಂಕ್ ಸುತ್ತ, ಪೈಪ್ ಗುಂಟ, ಡಿಸ್ಪೆನ್ಸರ್ ಹತ್ರ ತೂತು ಹಾಕಿ ಅಡಿ ಅಡಿಗೂ ಮಣ್ಣು ಎತ್ತಿ ನೋಡ್ತೀವಿ. ಸ್ಥಳದಲ್ಲೇ ಒಂದು ಪರೀಕ್ಷೆ ಇದೆ: ಒಂದು ಹಿಡಿ ಮಣ್ಣನ್ನ ಜಿಪ್ ಕವರ್‌ಗೆ ಹಾಕಿ ಅರ್ಧ ಜಾಗ ಖಾಲಿ ಬಿಟ್ಟು ಮುಚ್ಚಿ, ಹೆಂಟೆ ಕೈಯಲ್ಲೇ ಪುಡಿ ಮಾಡಿ, ಹತ್ತು ನಿಮಿಷ ನೆರಳಲ್ಲಿಟ್ಟು, ಕವರ್ ಮೂಲೇಲಿ ಪಿಐಡಿ ಅನ್ನೋ ಮೀಟರಿನ ಮೂತಿ ತೂರಿಸಿದ್ರೆ ಆವಿ ಎಷ್ಟಿದೆ ಅಂತ ನಂಬರ್ ಬರತ್ತೆ. ಯಾವ ಆಳದಲ್ಲಿ ನಂಬರ್ ಏರತ್ತೆ, ಎಲ್ಲಿ ಇಳಿಯತ್ತೆ ಅಂತ ನೋಡಿ ಲ್ಯಾಬಿಗೆ ಯಾವ ಮಣ್ಣು ಕಳಿಸ್ಬೇಕು ಅಂತ ತೀರ್ಮಾನ ಮಾಡ್ತೀವಿ. ಆ ಮೀಟರ್ ಇದು ಬೆಂಜೀನ್, ಇದು ಟಾಲ್ವೀನ್ ಅಂತ ಬೇರೆ ಮಾಡಿ ಹೇಳಲ್ಲ, ಹಳೇ ಡೀಸೆಲ್ಲಿಗೆ ಅಷ್ಟಾಗಿ ಏಳೋದೂ ಇಲ್ಲ, ಅದು ದಾರಿ ತೋರ್ಸತ್ತೆ, ತೀರ್ಪು ಕೊಡೋದು ಲ್ಯಾಬು.

ಕೊನೇಗೆ ನೀರು. ನಿಗಾ ಬಾವಿ ಅಂತ ಸಣ್ಣ ಬಾವಿಗಳನ್ನ ಹಾಕ್ತೀವಿ, ಎರಡಿಂಚು ಇಲ್ಲಾ ನಾಲ್ಕಿಂಚು ಪಿವಿಸಿ ಪೈಪು, ಸೀಳು ಇರೋ ಭಾಗ ನೀರಿನ ಮಟ್ಟದ ಮೇಲೂ ಕೆಳಗೂ ಬರೋ ಹಾಗೆ. ಇದು ತುಂಬಾ ಮುಖ್ಯ, ಸೀಳು ಪೂರ್ತಿ ನೀರಿನ ಅಡಿ ಹೋದ್ರೆ ಮೇಲೆ ತೇಲೋ ಪೆಟ್ರೋಲ್ ಬಾವಿ ಒಳಗೆ ಬರೋದೇ ಇಲ್ಲ, ಎಲ್ಲ ಚೆನ್ನಾಗಿದೆ ಅಂತ ಸುಳ್ಳು ರಿಪೋರ್ಟ್ ಬರತ್ತೆ. ಸುತ್ತ ಜಲ್ಲಿ ಮರಳು, ಅದರ ಮೇಲೆ ಬೆಂಟೊನೈಟ್ ಜೇಡಿ, ಮೇಲೆ ಸಿಮೆಂಟು, ಇಲ್ಲಾಂದ್ರೆ ಬಂಕಿನ ನೆಲ ತೊಳೆದ ನೀರೇ ಪೈಪ್ ಗುಂಟ ಇಳಿಯತ್ತೆ. ಬಾವೀಲಿ ಎರಡಿಂಚು ಪೆಟ್ರೋಲ್ ನಿಂತಿದ್ರೆ ನೆಲದಲ್ಲೂ ಅಷ್ಟೇ ಅಂತ ಲೆಕ್ಕ ಹಾಕೋಹಾಗಿಲ್ಲ, ಬಾವೀಲಿ ಕಾಣೋ ದಪ್ಪ ನೆಲದಲ್ಲಿ ಇರೋದಕ್ಕಿಂತ ಜಾಸ್ತಿ ಇರೋದು ಮಾಮೂಲಿ.

ಇಷ್ಟೆಲ್ಲ ಯಾಕೆ, ಬೋರ್ ಲಾರಿ ಕರ್ಸಿ ಒಂದು ಬೋರ್ ಹೊಡೆಸಿ ನೋಡಿದ್ರೆ ಸಾಲ್ದಾ?

ದಯವಿಟ್ಟು ಬೇಡ. ಆ ಗಾಡಿ ಕಂಪ್ರೆಸರ್ ಗಾಳಿ ಬಿಟ್ಟು ಕೊರಿಯತ್ತೆ, ನಾವು ಅಳೀಬೇಕಾದ ಆವಿ ಆ ಗಾಳೀಲೇ ಹಾರಿಹೋಗತ್ತೆ. ಅದಕ್ಕಿಂತ ದೊಡ್ಡ ಅಪಾಯ, ಮೇಲಿನ ಮೂವತ್ತು ಅಡೀಲಿ ನಿಂತಿದ್ದ ಪೆಟ್ರೋಲಿಗೆ ಮುನ್ನೂರು ಅಡಿ ಬಂಡೆ ಬಿರುಕಿನವರೆಗೆ ನಾವೇ ದಾರಿ ಮಾಡಿ ಕೊಟ್ಟ ಹಾಗೆ, ಊರಿನ ಬೇರೆ ಬೋರ್‌ಗಳೂ ಕೆಡಬಹುದು. ಪೆಟ್ರೋಲ್ ಆವಿ ಇರೋ ನೆಲದಲ್ಲಿ ಕಿಡಿ ಹಾರೋ ಕೆಲಸ ಅದು, ಬಂಕ್ ಒಳಗೆ ಅಂತೂ ಪೆಸೊದ (ಪೆಟ್ರೋಲಿಯಂ, ಸ್ಫೋಟಕಗಳ ಸುರಕ್ಷತೆ ನೋಡೋ ಕೇಂದ್ರ ಸರ್ಕಾರದ ಸಂಸ್ಥೆ) ಸುರಕ್ಷತಾ ನಿಯಮ ನೋಡದೆ ಒಂದು ಗುದ್ದಲಿ ಏಟೂ ಹಾಕಬಾರ್ದು.

ನೀರಿನ ಸ್ಯಾಂಪಲ್ ನಾವೇ ಬಿಸ್ಲೇರಿ ಬಾಟ್ಲೀಲಿ ಹಿಡಿದು ಕೊಡಬಹುದಾ?

ಪ್ಲಾಸ್ಟಿಕ್ ಬಾಟ್ಲಿ ಆಗಲ್ಲ. ಲ್ಯಾಬಿನವ್ರು 40 ಮಿಲಿ ಗಾಜಿನ ಸಣ್ಣ ಸೀಸೆ ಕೊಡ್ತಾರೆ, ಒಳಗೆ ಆಸಿಡ್ ಹಾಕೇ ಇರತ್ತೆ, ಅದನ್ನ ಚೆಲ್ಬೇಡಿ. ನೀರನ್ನ ಬುಳುಬುಳು ಅನಿಸದೇ ಸೀಸೆ ಗೋಡೆ ಗುಂಟ ನಿಧಾನಕ್ಕೆ ಬಿಟ್ಟು, ಬಾಯಿ ಮೇಲೆ ನೀರು ಉಬ್ಬಿ ನಿಲ್ಲೋವರೆಗೂ ತುಂಬಿಸಿ ಮುಚ್ಚಳ ಹಾಕ್ಬೇಕು. ಆಮೇಲೆ ತಲೆಕೆಳಗೆ ಮಾಡಿ ಬೆರಳಲ್ಲಿ ತಟ್ಟಿ ನೋಡಿ, ಗಾಳಿ ಗುಳ್ಳೆ ಕಂಡ್ರೆ ಆ ಸ್ಯಾಂಪಲ್ ಬೇಡ, ಬೆಂಜೀನ್ ಆ ಗುಳ್ಳೆಗೇ ಹೋಗಿ ಸೇರಿರತ್ತೆ, ಇನ್ನೊಂದು ಸೀಸೆ ತುಂಬ್ಸಿ. ಐಸ್ ಡಬ್ಬೀಲಿ 4 ಡಿಗ್ರಿ ಹತ್ರ ಇಟ್ಟು ಸಾಗಿಸ್ಬೇಕು, ಆಸಿಡ್ ಹಾಕಿದ್ದಕ್ಕೆ 14 ದಿನ, ಹಾಕದೇ ಇದ್ರೆ 7 ದಿನದ ಒಳಗೆ ಟೆಸ್ಟ್ ಆಗ್ಬೇಕು. ಯಾರು ಹಿಡಿದ್ರು, ಎಷ್ಟೊತ್ತಿಗೆ, ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅಂತ ಸಹಿ ಸಮೇತ ಒಂದು ಚೀಟಿ ಜೊತೇಲೇ ಹೋಗ್ಬೇಕು. ನಿಮ್ಮ ಸಮಾಧಾನಕ್ಕೆ ನೀವೇ ಹಿಡೀಬಹುದು, ಮುಂದೆ ಪರಿಹಾರ ಕೇಳೋದಿದ್ರೆ ಎನ್‌ಎಬಿಎಲ್ ಮಾನ್ಯತೆ ಇರೋ ಲ್ಯಾಬಿನವ್ರೇ ಬಂದು, ಎರಡೂ ಪಾರ್ಟಿ ಎದುರಿಗೆ ಹಿಡಿಯೋದು ಒಳ್ಳೇದು.

ಯಾವ ಕಾಲದಲ್ಲಿ ಟೆಸ್ಟ್ ಮಾಡ್ಸೋದು ಸರಿ?

ಒಂದೇ ಸಲ ಅಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನೀರು ತಳದಲ್ಲಿದ್ದಾಗ ಒಂದು, ಮಳೆಗಾಲ ಮುಗಿದ ಮೇಲೆ ಅಕ್ಟೋಬರ್, ನವೆಂಬರಲ್ಲಿ ಇನ್ನೊಂದು ಕನಿಷ್ಠ ಬೇಕೇ ಬೇಕು. ಸಾಧ್ಯ ಆದ್ರೆ ಒಂದು ವರ್ಷ ಮೂರು ತಿಂಗಳಿಗೊಮ್ಮೆ. ಬರೀ ಜುಲೈನಲ್ಲಿ ತೆಗೆದ ಒಂದು ಸ್ಯಾಂಪಲ್ ತೋರ್ಸಿ ಎಲ್ಲ ಕ್ಲೀನ್ ಇದೆ ಅಂದ್ರೆ ಒಪ್ಕೋಬೇಡಿ.

ರಿಪೋರ್ಟಲ್ಲಿ ಮಿನರಲ್ ಆಯಿಲ್ ಮಿತಿ ಒಳಗಿದೆ ಅಂತ ಬಂದಿದೆ, ಸಾಕಲ್ವಾ?

ಸಾಲ್ದು. ನಮ್ಮ ಕುಡಿಯೋ ನೀರಿನ ಮಾನದಂಡ ಐಎಸ್ 10500, 2012ರದ್ದು, ಅದ್ರಲ್ಲಿ ಮಿನರಲ್ ಆಯಿಲ್ ಲೀಟರಿಗೆ 0.5 ಮಿಲಿಗ್ರಾಂ ಅಂತಿದೆ. ಬೆಂಜೀನಿನ 0.01 ಪಕ್ಕ ಇಟ್ಟು ನೋಡಿ, ಐವತ್ತು ಪಟ್ಟು ವ್ಯತ್ಯಾಸ, ಮೇಲಾಗಿ ಆ ಟೆಸ್ಟು ಹಾರಿಹೋಗದ ಎಣ್ಣೆಗೆ ಮಾಡಿದ್ದು. ಬಿಟೆಕ್ಸ್ ಬೇಕು, ಒಂದೊಂದು ರಾಸಾಯನಿಕಾನ ಬೇರೆ ಮಾಡಿ ಗುರುತಿಸೋ ಜಿಸಿ ಎಂಎಸ್ ಮೆಷಿನಲ್ಲಿ ಬೇಕು ಅಂತ ಬಾಯಿಬಿಟ್ಟು ಕೇಳಿ. ಡೀಸೆಲ್ ಅನುಮಾನ ಇದ್ರೆ ಟಿಪಿಎಚ್ (ಒಟ್ಟು ಪೆಟ್ರೋಲಿಯಂ ಅಂಶ) ಮತ್ತೆ ನ್ಯಾಫ್ತಲೀನ್ ತರದ, ಪಿಎಎಚ್ ಅನ್ನೋ ಗುಂಪಿನ ರಾಸಾಯನಿಕ ಕೂಡ ಸೇರ್ಸಿ. ಬಿಡಿಎಲ್ ಅಂತ ಬರೆದಿದ್ರೆ ಶೂನ್ಯ ಅಂತ ಅಲ್ಲ, ಮೆಷಿನಿಗೆ ಕಾಣೋ ಮಟ್ಟಕ್ಕಿಂತ ಕಮ್ಮಿ ಅಂತ, ಆ ಮಟ್ಟ ಎಷ್ಟು ಅಂತ ಪಕ್ಕದಲ್ಲಿ ನೋಡಿ, ಅದೇ 0.05 ಇದ್ರೆ 0.01 ಇದೆಯೋ ಇಲ್ವೋ ಆ ರಿಪೋರ್ಟ್ ಹೇಳೋಕೇ ಆಗಲ್ಲ.

ನಮ್ಮ ರಸ್ತೇಲಿ ಎರಡು ಬಂಕ್ ಇದೆ, ಯಾವುದ್ರದ್ದು ಅಂತ ಹೇಗೆ ಹೇಳ್ತೀರಿ?

ಕೆಲವು ಸಲ ಹೇಳಬಹುದು. ಜಿಸಿ ಗ್ರಾಫಲ್ಲಿ ಪೆಟ್ರೋಲ್ ಒಂದು ಕಡೆ, ಡೀಸೆಲ್ ಇನ್ನೊಂದು ಕಡೆ ಶಿಖರಗಳಾಗಿ ಬೀಳತ್ತೆ. ಡೀಸೆಲ್ ಹಳೇದಾದ ಹಾಗೆ ಬ್ಯಾಕ್ಟೀರಿಯಾ ನೇರ ಸರಪಣಿಯ ಅಂಶಗಳನ್ನ ಮೊದಲು ತಿನ್ನತ್ತೆ, ಪ್ರಿಸ್ಟೇನ್ ತರದ ಕವಲಿನವು ಉಳ್ಕೊಳತ್ತೆ, ಎರಡರ ಅನುಪಾತ ನೋಡಿ ಹಳೇ ಸೋರಿಕೆಯೋ ಹೊಸದೋ ಅಂತ ಅಂದಾಜು ಮಾಡ್ತೀವಿ. ಆದ್ರೆ ಎರಡೂ ಬಂಕಿಗೆ ಒಂದೇ ಡಿಪೋದಿಂದ ಬಂದಿದ್ರೆ ಗ್ರಾಫ್ ಒಂದೇ ತರ ಇರತ್ತೆ, ಆಗ ನೀರಿನ ದಿಕ್ಕು, ಮಣ್ಣಿನ ಪಿಐಡಿ ನಂಬರು, ಟ್ಯಾಂಕ್ ಟೆಸ್ಟು ಮೂರೂ ಸೇರ್ಸಿ ಹೇಳ್ಬೇಕು. ಒಂದು ಸಾಕ್ಷಿ ಹಿಡ್ಕೊಂಡು ಒಬ್ಬರ ಮೇಲೆ ಬೆರಳು ತೋರ್ಸೋದು ನ್ಯಾಯ ಅಲ್ಲ.

ಇ20 ಪೆಟ್ರೋಲ್ ಬಂದಿದ್ರಿಂದ ಏನಾದ್ರೂ ವ್ಯತ್ಯಾಸ ಇದೆಯಾ?

ಇದೆ. ಇ20 ಅಂದ್ರೆ 20% ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ನೀರಲ್ಲಿ ಪೂರ್ತಿ ಬೆರೆಯತ್ತೆ, ಬ್ಯಾಕ್ಟೀರಿಯಾಕ್ಕೆ ಅದೇ ಮೊದಲ ಊಟ, ನೆಲದ ನೀರಲ್ಲಿರೋ ಆಮ್ಲಜನಕ ಅದಕ್ಕೇ ಖರ್ಚಾಗಿ ಬೆಂಜೀನ್ ತಿನ್ನೋದು ತಡ ಆಗತ್ತೆ, ಹಾಗಾಗಿ ಬೆಂಜೀನ್ ಇನ್ನಷ್ಟು ದೂರ ಹೋಗಬಹುದು. ಟ್ಯಾಂಕಿಗೆ ನೀರು ಸೇರಿದ್ರೂ ಎಥನಾಲ್ ನೀರಿನ ಜೊತೆ ಬೇರೆ ಪದರವಾಗಿ ತಳಕ್ಕೆ ಇಳಿಯತ್ತೆ. ಹಳೇ ವಾಟರ್ ಪೇಸ್ಟ್ ಆ ಪದರಾನ ಸರಿಯಾಗಿ ತೋರಿಸ್ದೇ ಇರಬಹುದು, ಎಥನಾಲ್ ಪೆಟ್ರೋಲಿಗೆ ಅಂತ ಮಾಡಿರೋ ಪೇಸ್ಟನ್ನೇ ಬಳಸಿ.

ತೋಟದಲ್ಲಿ ಸ್ಪ್ರಿಂಕ್ಲರ್ ಎಂಜಿನ್ನಿಗೆ ಡೀಸೆಲ್ ಬ್ಯಾರಲ್ ಇಟ್ಕೊಂಡಿದೀವಿ, ನಮಗೂ ಇದೆಲ್ಲ ಅನ್ವಯ ಆಗತ್ತಾ?

ನೆಲ ಬಂಕಿಂದೋ ತೋಟದ್ದೋ ಅಂತ ನೋಡಲ್ಲ. ಕಾಫಿ ಹೂ ಬಿಡೋಕೆ ಬೇಕಾದ ಹೂ ಮಳೆ ಕೈ ಕೊಟ್ಟಾಗ ಫೆಬ್ರವರಿ ಮಾರ್ಚಲ್ಲಿ ಎಂಜಿನ್ ಹಗಲೂ ರಾತ್ರಿ ಓಡತ್ತೆ, ಕೆರೆ ದಂಡೇಲೇ ಬ್ಯಾರಲ್ ಇಟ್ಟು ಪೈಪಲ್ಲಿ ಬಗ್ಗಿಸ್ಕೊಳ್ಳೋದು ಎಲ್ಲ ಕಡೆ ಇದೆ. ಬ್ಯಾರಲ್ಲನ್ನ ಕೆರೆ, ಬಾವಿಯಿಂದ ದೂರ, ಸಿಮೆಂಟ್ ನೆಲದ ಮೇಲೆ, ಒಂದು ಬ್ಯಾರಲ್ ಪೂರ್ತಿ ಒಡೆದ್ರೂ ತಡೆಯೋ ಅಷ್ಟು ಎತ್ತರದ ಕಟ್ಟೆ ಕಟ್ಟಿ, ಮೇಲೆ ಶೀಟ್ ಹಾಕಿ ಇಡಿ. ಲೈನ್ ಮನೆಯವ್ರ (ತೋಟದ ಕೆಲಸದವ್ರ) ಕುಡಿಯೋ ನೀರಿನ ಬಾವಿ ಕೆಳಗಡೆ ಇದ್ರೆ ಇವತ್ತೇ ಜಾಗ ಬದಲಾಯ್ಸಿ.

ನಮ್ಮ ಜಮೀನಲ್ಲಿ ಪೈಪ್‌ಲೈನ್ ಹೋಗಿದೆ, ಅಲ್ಲಿ ವಾಸನೆ ಬಂದ್ರೆ?

ಮಂಗಳೂರಿಂದ ಹಾಸನದ ಮೇಲೆ ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ ಸಾಗಿಸೋ ಲೈನ್ ಇದೆ, ಸುಮಾರು 360 ಕಿಲೋಮೀಟರ್ ಉದ್ದ. ಅದರ ದಾರೀಲಿ ಕಂಬ, ಬೋರ್ಡ್ ನೆಟ್ಟು ತುರ್ತು ನಂಬರ್ ಬರೆದಿರ್ತಾರೆ. ವಾಸನೆ ಬಂದ್ರೆ, ಆ ಸಾಲಲ್ಲಿ ಹುಲ್ಲು ಒಣಗಿ ಕಂದು ಆಗಿದ್ರೆ, ಟ್ರ್ಯಾಕ್ಟರ್ ಆಫ್ ಮಾಡಿ ದೂರ ನಡೆದು ಹೋಗಿ ಆ ನಂಬರಿಗೂ 112ಕ್ಕೂ ಫೋನ್ ಮಾಡಿ. ಅಗೆಯೋಕೆ ಹೋಗ್ಬೇಡಿ.

ಕ್ಲೀನ್ ಮಾಡೋಕೆ ಆಗತ್ತಾ? ಎಷ್ಟು ವರ್ಷ ಬೇಕು?

ಆಗತ್ತೆ, ಮೊದಲು ಸೋರಿಕೆ ನಿಲ್ಸಿದ್ರೆ. ಆಮೇಲೆ ಮೇಲೆ ತೇಲೋ ಇಂಧನಾನ ಸ್ಕಿಮ್ಮರಲ್ಲಿ ಎತ್ತಬೇಕು, ಕೆಟ್ಟ ಮಣ್ಣು ಸಿಗೋ ಆಳದಲ್ಲಿದ್ರೆ ತೆಗೆದು ಬೇರೆ ಕಡೆ ಹಾಸಿ ಬ್ಯಾಕ್ಟೀರಿಯಾ ಕೈಲಿ ತಿನ್ನಿಸ್ಬೇಕು, ಆವಿಯನ್ನ ಪಂಪ್ ಹಚ್ಚಿ ಎಳೆದು ಕಾರ್ಬನ್ ಮೂಲಕ ಬಿಡ್ಬೇಕು, ನೀರಿನ ಅಡಿಗೆ ಗಾಳಿ ಊದಿ ಬೆಂಜೀನ್ ಹಾರಿಸೋದೂ ಇದೆ. ಆದ್ರೆ ಈ ಗಾಳಿ ಎಳೆಯೋ ಊದೋ ವಿಧಾನ ಮರಳು ಮಣ್ಣಲ್ಲಿ ಚೆನ್ನಾಗಿ ನಡೆಯತ್ತೆ, ನಮ್ಮ ಶೇಡಿ ಮಣ್ಣಲ್ಲಿ ಗಾಳಿ ಸಲೀಸಾಗಿ ಓಡಲ್ಲ, ಬೇರೆ ಕಡೆ ಮಾಡಿದ ಡಿಸೈನನ್ನ ಹಾಗೇ ತಂದು ಹಾಕೋದು ದುಡ್ಡು ದಂಡ. ತಿಂಗಳ ಕೆಲಸ ಅಲ್ಲ, ವರ್ಷಗಳ ಕೆಲಸ, ಬಂಡೆ ಬಿರುಕಿಗೆ ಇಳಿದಿದ್ರೆ ಇನ್ನೂ ಕಷ್ಟ. ನೆಲ ತಾನೇ ಸರಿ ಮಾಡ್ಕೊಳತ್ತೆ ಬಿಡಿ ಅಂತ ಹೇಳೋರೂ ಇದಾರೆ. ಅದು ಪೂರ್ತಿ ಸುಳ್ಳಲ್ಲ, ಬ್ಯಾಕ್ಟೀರಿಯಾ ನಿಜಕ್ಕೂ ತಿನ್ನತ್ತೆ, ಆದ್ರೆ ಆಮ್ಲಜನಕ, ನೈಟ್ರೇಟ್, ಸಲ್ಫೇಟ್ ಕಮ್ಮಿ ಆಗ್ತಿದೆಯಾ, ಕರಗಿದ ಕಬ್ಬಿಣ, ಮೀಥೇನ್ ಏರ್ತಿದೆಯಾ, ಬೆಂಜೀನ್ ನಿಜವಾಗ್ಲೂ ಇಳೀತಿದೆಯಾ ಅಂತ ಪ್ರತಿ ಸಲ ಅಳೆದು ತೋರ್ಸಿದ್ರೆ ಮಾತ್ರ ಅದಕ್ಕೆ ಬೆಲೆ. ನಮ್ಮ ಕಡೆ ಮಣ್ಣಲ್ಲಿ ಕಬ್ಬಿಣ ಮೊದಲೇ ಜಾಸ್ತಿ ಇರೋದ್ರಿಂದ ಕೆಡದೇ ಇರೋ ಒಂದು ಬಾವಿ ನೀರನ್ನ ಪಕ್ಕದಲ್ಲಿಟ್ಟು ಹೋಲಿಸ್ಲೇಬೇಕು.

ಕಂಪ್ಲೇಂಟ್ ಯಾರಿಗೆ ಕೊಡೋದು, ಖರ್ಚು ಯಾರು ಕೊಡ್ತಾರೆ?

ಬರವಣಿಗೇಲಿ ಕೊಡಿ, ಸ್ವೀಕೃತಿ ಸೀಲ್ ಹಾಕಿಸ್ಕೊಳಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹಾಸನದಲ್ಲೂ ಚಿಕ್ಕಮಗಳೂರಲ್ಲೂ ಕಚೇರಿ ಇದೆ, ಒಂದು ಪ್ರತಿ ಅಲ್ಲಿಗೆ, ಒಂದು ಡಿಸಿ ಆಫೀಸಿಗೆ, ಒಂದು ಪಂಚಾಯ್ತಿ ಇಲ್ಲಾ ನಗರಸಭೆಗೆ, ಟ್ಯಾಂಕಿನ ಲೈಸೆನ್ಸ್ ಪೆಸೊ ಕೈಲಿರೋದ್ರಿಂದ ಅವರಿಗೂ ಒಂದು, ಜೊತೆಗೆ ಆ ಬಂಕಿನ ತೈಲ ಕಂಪನಿಗೆ. 1974ರ ನೀರಿನ ಕಾಯ್ದೆ ಹೊಳೆಗೆ ಮಾತ್ರ ಅಲ್ಲ, ಬಾವಿಗೂ ನೆಲಕ್ಕೂ ಅನ್ವಯ. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಸ್ಥಳಗಳ ನಿರ್ವಹಣೆಗೆ ಅಂತಾನೇ ಹೊಸ ನಿಯಮ ತಂದಿದೆ, ಅದರ ಪ್ರಕಾರ ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಅನುಮಾನದ ಜಾಗ ಪಟ್ಟಿ ಮಾಡಿ ಕೊಡ್ಬೇಕು, ಮಂಡಳಿ 90 ದಿನದಲ್ಲಿ ಪ್ರಾಥಮಿಕ ಪರಿಶೀಲನೆ ಮಾಡ್ಬೇಕು, ಕೆಡಿಸಿದೋರೇ ಖರ್ಚು ಹೊರಬೇಕು. ಪಂಚಾಯ್ತಿ ಮೆಂಬರ್‌ಗಳೇ, ಪಟ್ಟಿಗೆ ಸೇರ್ಸೋ ಕೆಲಸ ನಿಮ್ಮ ಕಡೆಯಿಂದಾನೇ ಶುರು ಆಗತ್ತೆ, ಸುಮ್ನೆ ಕೂರ್ಬೇಡಿ.

ಕೆಡಿಸಿದೋರೇ ಖರ್ಚು ಕೊಡ್ಬೇಕು ಅನ್ನೋ ಮಾತನ್ನ ಸುಪ್ರೀಂ ಕೋರ್ಟ್ 1996ರಲ್ಲೇ, ರಾಜಸ್ಥಾನದ ಬಿಛಡಿ ಹಳ್ಳಿಯ ಬಾವಿ ನೀರು ಕಾರ್ಖಾನೆಗಳಿಂದ ಕೆಟ್ಟ ಕೇಸಲ್ಲಿ ಹೇಳಿದೆ. ಪರಿಹಾರಕ್ಕೆ ಹಸಿರು ನ್ಯಾಯಮಂಡಳಿಗೆ ಹೋಗಬಹುದು, ನಮ್ಮದು ಚೆನ್ನೈ ಪೀಠ. ಅಲ್ಲಿ ಪರಿಹಾರದ ಅರ್ಜಿಗೆ ಐದು ವರ್ಷ, ಬೇರೆ ತಕರಾರಿಗೆ ಆರು ತಿಂಗಳು ಅಂತ ಗಡುವು ಇದೆ, ಎಣಿಕೆ ಶುರು ಆಗೋದು ಕಾರಣ ಮೊದಲು ಹುಟ್ಟಿದ ದಿನದಿಂದ. ಮೊದಲ ಪ್ರಶ್ನೇಲಿ ದಿನಾಂಕ ಬರೆದಿಟ್ಕೊಳಿ ಅಂದಿದ್ದು ಇದಕ್ಕೂ ಸೇರ್ಸಿ.

ಮನೆ ಪಕ್ಕ ಹೊಸ ಬಂಕ್ ಬರ್ತಿದೆ, ಎಷ್ಟು ದೂರ ಇರ್ಬೇಕು?

ಕೇಂದ್ರ ಮಾಲಿನ್ಯ ಮಂಡಳಿ 2020ರ ಜನವರೀಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಶಾಲೆ, ಹತ್ತು ಹಾಸಿಗೆ ಮೇಲಿನ ಆಸ್ಪತ್ರೆ, ವಸತಿ ಪ್ರದೇಶದಿಂದ 50 ಮೀಟರ್, ಜಾಗದ ತೊಡಕಿದ್ರೆ ಹೆಚ್ಚಿನ ಸುರಕ್ಷತಾ ಕ್ರಮದ ಜೊತೆ 30 ಮೀಟರ್, ಅದಕ್ಕಿಂತ ಕಮ್ಮಿ ಇಲ್ಲ. ಬಂಕ್ ಶುರು ಆಗೋ ಮುಂಚೇನೇ ನಿಮ್ಮ ಬಾವಿ ನೀರನ್ನ ಒಂದ್ಸಲ ಬಿಟೆಕ್ಸ್ ಟೆಸ್ಟ್ ಮಾಡ್ಸಿ ರಿಪೋರ್ಟ್ ಎತ್ತಿಡಿ, ನಾಳೆ ಏನಾದ್ರೂ ಆದ್ರೆ ಮುಂಚೆ ಇರ್ಲಿಲ್ಲ ಅಂತ ತೋರ್ಸೋಕೆ ಬೇರೆ ದಾರಿ ಇರಲ್ಲ.

ಮುಚ್ಚಿದ ಬಂಕಿನ ಜಾಗ ಸೈಟಿಗೆ ಬಂದಿದೆ, ತಗೋಬಹುದಾ?

ಟ್ಯಾಂಕ್ ತೆಗೆದಿದಾರಾ ಇಲ್ಲಾ ಅಲ್ಲೇ ಮಣ್ಣು ತುಂಬಿ ಬಿಟ್ಟಿದಾರಾ ಅಂತ ಮೊದಲು ಕೇಳಿ, ತೆಗೆದಿದ್ರೆ ಗುಂಡಿಯ ತಳ ಮತ್ತೆ ನಾಲ್ಕು ಗೋಡೆಯ ಮಣ್ಣಿನ ರಿಪೋರ್ಟ್ ಕೇಳಿ, ಪೈಪ್ ಉಳಿದಿದೆಯಾ ನೋಡಿ. ರಿಪೋರ್ಟ್ ಇಲ್ಲ ಅಂದ್ರೆ ಅಡ್ವಾನ್ಸ್ ಕೊಡೋ ಮುಂಚೆ ನಾಲ್ಕೈದು ತೂತು ಹಾಕಿ ಮಣ್ಣು, ಒಂದು ನೀರು ಟೆಸ್ಟ್ ಮಾಡ್ಸಿ, ಸೈಟಿನ ಬೆಲೆ ಮುಂದೆ ಆ ಖರ್ಚು ಏನೂ ಅಲ್ಲ. ಮನೆ ಕಟ್ಟೋದಿದ್ರೆ ಮಣ್ಣಿನ ಸಂದಿಯ ಗಾಳಿಯನ್ನೂ ಟೆಸ್ಟ್ ಮಾಡ್ಸಿ, ಮಣ್ಣಿನ ಆವಿ ಪಾಯದ ಬಿರುಕಿಂದ ಮಲಗೋ ಕೋಣೆಗೆ ಬರತ್ತೆ. ಮಾರೋರು ಟೆಸ್ಟಿಗೆ ಒಪ್ಪದೇ ಹೋದ್ರೆ ಆ ಜಾಗ ಬಿಡಿ.